ವಯಸ್ಸನ್ನು ಬಚ್ಚಿಡದ ನಟಿ: ಸಿಮೋನ್ ಸಿನ್ಯೊರೆ

ಜಾಕ್ ಬೆಕೆರ್ ಅವರ ‘ಕಾಸ್ಕ್ ದೋರ್’ (1952) ಚಿತ್ರದ ಮೇರಿಗೂ ಜ್ಯಾಂ-ಪಿಯೆರ್ ಮೆಲ್ವಿಲ್ ಅವರ ‘ಆರ್ಮಿ ಆಫ್ ಶ್ಯಾಡೋಸ್’ (1969) ಚಿತ್ರದ ಮತಿಲ್ದ್‌ಗೂ ನಡುವೆ 17 ವರ್ಷದ ಅಂತರ. ಮೊದಲನೆಯವಳು ಹೊಂಬಣ್ಣದ ಕೂದಲನ್ನು ನೆತ್ತಿಯ ಮೇಲೆ ಕಿರೀಟದ ಹಾಗೆ ಕಟ್ಟಿಕೊಂಡು, ದೋಣಿಗೆ ತಾನೇ ಹುಟ್ಟು ಹಾಕುತ್ತ ಬರುವವಳು. ಎರಡನೆಯವಳದು ದಪ್ಪ ಕೋಟು, ಕಣ್ಣಿನ ಕೆಳಗೆ ಊತ, ಭಾರದ ಹೆಜ್ಜೆ. ಬೀದಿಯಲ್ಲಿ ಎದುರಾದರೆ ಯಾರೂ ಎರಡನೇ ಸಲ ನೋಡದಂಥ ಗೃಹಿಣಿ. ಇಬ್ಬರೂ ಫ್ರೆಂಚ್ ನಟಿ ಸಿಮೋನ್ ಸಿನ್ಯೊರೆ. ಹೆಸರು ತಿಳಿಸದೆ ಎರಡು ಫೋಟೊ ಕೈಗೆ ಕೊಟ್ಟರೆ ತಾಯಿ-ಮಗಳು ಅಂದುಕೊಳ್ಳುವವರೇ ಹೆಚ್ಚು. ಮೇರಿಯಾಗಿ ನಟಿಸುವಾಗ ಅವರಿಗೆ 30, ಮತಿಲ್ದ್ ಆಗುವಾಗ 48 ದಾಟಿರಲಿಲ್ಲ. ಆ ವಯಸ್ಸಿನಲ್ಲಿ ಅವರ ಸಮಕಾಲೀನ ತಾರೆಯರು ಬೆಳಕಿನ ಕೋನ ಬದಲಾಯಿಸಲು ಛಾಯಾಗ್ರಾಹಕರನ್ನು ಕೇಳುತ್ತಿದ್ದರು. ಸಿನ್ಯೊರೆ ಮುಖವನ್ನು ಇದ್ದ ಹಾಗೆಯೇ ಕ್ಯಾಮೆರಾಗೆ ಒಪ್ಪಿಸಿದರು. ಅವರ ಅತ್ಯುತ್ತಮ ಕೆಲಸದ ಅರ್ಧದಷ್ಟು ಆ ಒಪ್ಪಿಸುವಿಕೆಯಿಂದ ಬಂದದ್ದು.

ನಮ್ಮಲ್ಲಿ ಫ್ರೆಂಚ್ ಸಿನಿಮಾ ಎಂದ ಕೂಡಲೇ ‘ಹೊಸ ಅಲೆ’ಯ ನಿರ್ದೇಶಕರಾದ ಗೊದಾರ್, ತ್ರೂಫೋ ಹೆಸರು ಬಾಯಿಗೆ ಬರುತ್ತವೆ. ಆ ಹೊಸ ಅಲೆ ಎದ್ದ 1959ರಲ್ಲಿ ಸಿನ್ಯೊರೆಗೆ 38 ವರ್ಷ. ಗೊದಾರ್ ಆಗಲಿ ತ್ರೂಫೋ ಆಗಲಿ ಅವರಿಗೆ ಒಂದು ಪಾತ್ರವನ್ನೂ ಕೊಡಲಿಲ್ಲ. ಹಾಗಾಗಿ ಹೊಸ ಅಲೆಯ ಬಾಗಿಲಿನಿಂದ ಫ್ರೆಂಚ್ ಸಿನಿಮಾದ ಒಳಗೆ ಹೋದವರಿಗೆ ಈ ನಟಿ ಸಿಗುವುದೇ ಇಲ್ಲ. ಇದು ದೊಡ್ಡ ನಷ್ಟ.

ಅವರು ಹುಟ್ಟಿದ್ದು 1921ರ ಮಾರ್ಚ್ 25ರಂದು, ಜರ್ಮನಿಯ ವೀಸ್‌ಬಾಡೆನ್‌ನಲ್ಲಿ. ಮೊದಲ ಮಹಾಯುದ್ಧದ ನಂತರ ರೈನ್ ಪ್ರಾಂತವನ್ನು ಹಿಡಿದಿದ್ದ ಫ್ರೆಂಚ್ ಸೈನ್ಯದಲ್ಲಿ ತಂದೆ ಆಂದ್ರೆ ಕಾಮಿಂಕೆರ್ ಅಧಿಕಾರಿ. ಅವರು ಯೆಹೂದಿ, ತಾಯಿ ಜೋರ್ಜೆತ್ ಸಿನ್ಯೊರೆ ಕ್ಯಾಥೊಲಿಕ್. ಸಿಮೋನ್ ಬೆಳೆದದ್ದು ಪ್ಯಾರಿಸ್‌ಗೆ ಅಂಟಿಕೊಂಡಿರುವ ನೊಯಿಯಿಯಲ್ಲಿ. ತಂದೆ ಮುಂದೆ ಭಾಷಾಂತರಕಾರರಾಗಿ ಹೆಸರು ಮಾಡಿದರು. ಭಾಷಣಕಾರ ಮಾತಾಡುತ್ತಿರುವಾಗಲೇ ಜೊತೆಜೊತೆಗೆ ಇನ್ನೊಂದು ಭಾಷೆಯಲ್ಲಿ ಹೇಳುತ್ತ ಹೋಗುವ ವಿದ್ಯೆಯಲ್ಲಿ ಅವರು ಮೊದಲಿಗರ ಸಾಲಿನವರು. ಮಗಳಿಗೆ ಇಂಗ್ಲಿಷ್ ಚೆನ್ನಾಗಿ ಬಂತು. ಅದರ ಬೆಲೆ ತಿಳಿದದ್ದು ಇಪ್ಪತ್ತು ವರ್ಷಗಳ ನಂತರ.

1940ರಲ್ಲಿ ಫ್ರಾನ್ಸ್ ಸೋತಾಗ ತಂದೆ ಲಂಡನ್‌ಗೆ ಹೋಗಿ ಜರ್ಮನರ ವಿರುದ್ಧ ಹೋರಾಟ ಮುಂದುವರಿಸಿದ ಜನರಲ್ ದ ಗಾಲ್ ಪಾಳಯ ಸೇರಿದರು. ಕುಟುಂಬ ಆಗ ಫ್ರಾನ್ಸಿನದೇ ಪಶ್ಚಿಮ ತುದಿಯ ಬ್ರಿಟನಿ ಪ್ರಾಂತದಲ್ಲಿತ್ತು. ವಾನ್ ಎಂಬ ಊರಿನ ಶಾಲೆಯಲ್ಲಿ ಸಿಮೋನ್‌ಗೆ ಇತಿಹಾಸ ಕಲಿಸಿದ ತರುಣ ಶಿಕ್ಷಕಿಯ ಹೆಸರು ಮುಂದೆ ಇಡೀ ಫ್ರಾನ್ಸ್‌ಗೆ ಗೊತ್ತಾಯಿತು. ಆಕೆ ಲೂಸಿ ಒಬ್ರಾಕ್. ನಾಜಿಗಳ ವಿರುದ್ಧದ ಭೂಗತ ಹೋರಾಟದಲ್ಲಿದ್ದ ಲೂಸಿ, 1943ರ ಅಕ್ಟೋಬರ್ 21ರಂದು ಲಿಯೋಂ ನಗರದಲ್ಲಿ ಸಶಸ್ತ್ರ ದಾಳಿ ನಡೆಸಿ ಗಂಡನನ್ನು ನಾಜಿ ರಹಸ್ಯ ಪೊಲೀಸರಾದ ಗೆಸ್ಟಾಪೊ ಕೈಯಿಂದ ಬಿಡಿಸಿಕೊಂಡು ಬಂದವರು. ಈ ಹೆಸರನ್ನು ನೆನಪಿನಲ್ಲಿಡಿ, ಮತಿಲ್ದ್ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಮನೆಯಲ್ಲಿ ತಾಯಿ, ಇಬ್ಬರು ತಮ್ಮಂದಿರು. ದುಡಿಯುವವರು ಯಾರೂ ಇಲ್ಲ. ಪ್ಯಾರಿಸ್‌ಗೆ ಮರಳಿದ ಸಿಮೋನ್‌ಗೆ ಸಿಕ್ಕ ಕೆಲಸ ‘ಲೆ ನುವೋ ತಾಂ’ ಎಂಬ ಪತ್ರಿಕೆಯಲ್ಲಿ ಟೈಪಿಸ್ಟ್ ಹುದ್ದೆ. ಅದು ಜರ್ಮನರ ಪರವಾಗಿದ್ದ ಪತ್ರಿಕೆ. ಸಂಪಾದಕ ಜ್ಯಾಂ ಲೂಶೇರ್‌ಗೆ ಯುದ್ಧ ಮುಗಿದ ಮೇಲೆ ದೇಶದ್ರೋಹಕ್ಕಾಗಿ ಮರಣದಂಡನೆಯಾಯಿತು. ಸಿನ್ಯೊರೆ ಈ ಭಾಗವನ್ನು ಮುಂದೆ ಎಂದೂ ಮುಚ್ಚಿಡಲಿಲ್ಲ, ಆತ್ಮಕಥೆಯಲ್ಲಿ ಬಿಡಿಸಿಯೇ ಬರೆದರು. 1941ರಲ್ಲಿ ಆ ಕೆಲಸ ಬಿಟ್ಟು ಕಾಫೆ ದ ಫ್ಲೋರ್‌ನ ಕಲಾವಿದರ ಬಳಗ ಸೇರಿದರು, ಸಿನಿಮಾದಲ್ಲಿ ಸಣ್ಣಪುಟ್ಟ ಕೆಲಸ ಹುಡುಕತೊಡಗಿದರು.

ಇಲ್ಲಿ ಒಂದು ಅಡ್ಡಿಯಿತ್ತು. ಜರ್ಮನ್ ಆಡಳಿತದಲ್ಲಿ ಸಿನಿಮಾದಲ್ಲಿ ಮಾತಿನ ಪಾತ್ರ ಸಿಗಬೇಕಾದರೆ ಉದ್ಯಮದ ಸಮಿತಿ ಕೊಡುವ ಕಾರ್ಡು ಬೇಕು, ಕಾರ್ಡು ಬೇಕಾದರೆ ವಂಶದಲ್ಲಿ ಯೆಹೂದಿಗಳಿಲ್ಲ ಎಂದು ತೋರಿಸಬೇಕು. ಕಾಮಿಂಕೆರ್ ಎಂಬ ಹೆಸರೇ ಅಪಾಯ. ಹಾಗಾಗಿ ತಾಯಿಯ ಮನೆತನದ ಹೆಸರು ಇಟ್ಟುಕೊಂಡರು. ಕಾರ್ಡು ಇಲ್ಲದೆ ಗುಂಪಿನ ದೃಶ್ಯಗಳಲ್ಲಿ ನಿಲ್ಲುವ ಕೆಲಸ ಮಾಡಿದರು. ಮಾರ್ಸೆಲ್ ಕಾರ್ನೆ 1942ರಲ್ಲಿ ನೀಸ್‌ನಲ್ಲಿ ತೆಗೆದ ‘ಲೆ ವಿಸಿತರ್ ದ್ಯು ಸುವಾರ್’ ಚಿತ್ರದಲ್ಲಿ ಅರಮನೆಯ ಹೆಂಗಸರ ನಡುವೆ ಅವರಿದ್ದಾರೆ. ಮಾತಿಲ್ಲದೆ ತೆರೆಯ ಮೇಲೆ ನಿಂತು ನೋಡುವುದು, ಬೇರೆಯವರ ಮಾತು ಕೇಳಿಸಿಕೊಳ್ಳುವುದು, ಹಲವು ಚಿತ್ರಗಳಲ್ಲಿ ಮಾಡಿದ್ದು ಇಷ್ಟೇ. ಮುಂದಿನ ನಲವತ್ತು ವರ್ಷ ಈ ನಟಿಯ ದೊಡ್ಡ ಶಕ್ತಿ ಯಾವುದು ಎಂದು ಕೇಳಿದರೆ, ಎದುರಿನವರು ಮಾತಾಡುವಾಗ ಕೇಳಿಸಿಕೊಳ್ಳುವ ರೀತಿ ಎಂದೇ ಹೇಳಬೇಕಾಗುತ್ತದೆ.

ನಿರ್ದೇಶಕ ಇವ್ ಅಲೆಗ್ರೆ ಜೊತೆ ಬದುಕು, 1946ರಲ್ಲಿ ಮಗಳು ಕ್ಯಾಥರೀನ್, 1948ರಲ್ಲಿ ಮದುವೆ, ಮರುವರ್ಷವೇ ವಿಚ್ಛೇದನ. ಅಲೆಗ್ರೆ ತೆಗೆದ ‘ದೆದೆ ದಾಂವೆರ್’ (1948) ಅವರನ್ನು ತಾರೆ ಮಾಡಿತು. ಆಂಟ್‌ವೆರ್ಪ್ ಬಂದರಿನ ಒಂದು ಬಾರ್, ಅಲ್ಲಿ ಗಿರಾಕಿಗಳಿಗೆ ಕಾಯುವ ದೆದೆ, ಅವಳ ದುಡಿಮೆ ತಿನ್ನುವ ಮಾರ್ಕೊ, ಅವಳನ್ನು ಕರೆದೊಯ್ಯುತ್ತೇನೆ ಎನ್ನುವ ಇಟಲಿಯ ನಾವಿಕ. ಕೊಲೆ, ಸೇಡು. ಕಥೆ ಆ ಕಾಲಕ್ಕೆ ಹಳತೇ. ಆದರೆ ದೆದೆಯ ಮುಖದ ಮೇಲೆ ಕರುಣೆ ಬೇಡುವ ಗೆರೆ ಒಂದೂ ಇಲ್ಲ. ಕೆಲಸಕ್ಕೆ ಹೋಗುವವರಿಗೆ ಇರುವ ದಣಿವು ಇದೆ, ಬೇಸರ ಇದೆ, ಅಷ್ಟೆ.

ಈ ಎಳೆಯನ್ನು ಹಿಡಿದು ಹೋದರೆ ಅವರ ಇಡೀ ವೃತ್ತಿಜೀವನ ಕಾಣುತ್ತದೆ. ಮ್ಯಾಕ್ಸ್ ಓಫುಲ್ಸ್ ಅವರ ‘ಲಾ ರೋಂದ್’ (1950) ಹತ್ತು ಕಂತುಗಳ ಸರಪಣಿ. ಮೊದಲ ಕಂತಿನಲ್ಲಿ ಸೈನಿಕನನ್ನು ಕರೆಯುವ ಲೆಯೊಕಾದಿ ಕೊನೆಯ ಕಂತಿನಲ್ಲಿ ಶ್ರೀಮಂತ ಕೌಂಟ್‌ನ ಎದುರು ಮತ್ತೆ ಬರುತ್ತಾಳೆ, ಸರಪಣಿ ಕೂಡಿಕೊಳ್ಳುತ್ತದೆ. ‘ಕಾಸ್ಕ್ ದೋರ್’ನ ಮೇರಿ ಕೂಡ ಅದೇ ಕಸುಬಿನವಳು. ಆಂತೊನಿಯೊ ಪಿಯೆತ್ರಾಂಜೆಲಿ ಅವರ ಇಟಾಲಿಯನ್ ಚಿತ್ರ ‘ಆದುವಾ ಎ ಲೆ ಕಂಪಾನ್ಯೆ’ (1960) ಇನ್ನೂ ಒಂದು ಹೆಜ್ಜೆ ಮುಂದೆ. 1958ರಲ್ಲಿ ಇಟಲಿ ಸರ್ಕಾರ ಕಾನೂನು ತಂದು ವೇಶ್ಯಾಗೃಹಗಳನ್ನು ಮುಚ್ಚಿಸಿತ್ತು. ಕೆಲಸ ಕಳೆದುಕೊಂಡ ನಾಲ್ವರು ಹೆಂಗಸರು ಸೇರಿ ಊರಾಚೆ ಊಟದ ಹೋಟೆಲು ತೆರೆಯಲು ಹೊರಡುತ್ತಾರೆ, ಆದುವಾ ಅವರ ಮುಂದಾಳು. ಪರವಾನಗಿ ಸಿಗುವುದಿಲ್ಲ, ಲೆಕ್ಕ ಕೂಡುವುದಿಲ್ಲ, ಹೋಟೆಲು ಕೈಬಿಡುತ್ತದೆ. ಕೊನೆಗೆ ಮಳೆಯಲ್ಲಿ ನೆನೆಯುತ್ತ, ತನಗಿಂತ ಚಿಕ್ಕವರ ನಡುವೆ ಬೀದಿಯಲ್ಲಿ ನಿಂತ ಆದುವಾ. ಆಮೇಲೆ 1977ರಲ್ಲಿ ‘ಲಾ ವೀ ದುವಾಂ ಸುವಾ’ ಚಿತ್ರದ ಮದಾಂ ರೋಜಾ. ಕಸುಬು ಬಿಟ್ಟು ಎಷ್ಟೋ ಕಾಲವಾಗಿ, ಬೇರೆ ವೇಶ್ಯೆಯರ ಮಕ್ಕಳನ್ನು ಸಾಕುವ ಮುದುಕಿ. 27ರ ವಯಸ್ಸಿನಿಂದ 56ರವರೆಗೆ ಒಂದೇ ಕಸುಬಿನ ಐವರು ಹೆಂಗಸರು, ಒಬ್ಬಳ ಹಾಗೆ ಇನ್ನೊಬ್ಬಳಿಲ್ಲ. ಈ ಐದನ್ನೇ ವರ್ಷದ ಕ್ರಮದಲ್ಲಿ ನೋಡಿದರೆ, ಒಂದು ಹೆಣ್ಣುದೇಹ ಮೂರು ದಶಕಗಳಲ್ಲಿ ಸಮಾಜದಿಂದ ಏನೇನು ಹೊರುತ್ತದೆ ಎನ್ನುವುದು ಕಣ್ಣಿಗೆ ಕಟ್ಟುತ್ತದೆ.

‘ಕಾಸ್ಕ್ ದೋರ್’ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. 1902ರ ಪ್ಯಾರಿಸ್‌ನಲ್ಲಿ ‘ಅಪಾಶ್’ ಎಂದು ಕರೆಯುತ್ತಿದ್ದ ಪುಂಡರ ಗುಂಪುಗಳಿದ್ದವು. ಅಮೆಲಿ ಎಲಿ ಎಂಬ ಹೆಂಗಸಿಗಾಗಿ ಮಾಂಡಾ ಮತ್ತು ಲೆಕಾ ಎಂಬಿಬ್ಬರು ಬೀದಿಯಲ್ಲೇ ಹೊಡೆದಾಡಿದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿತ್ತು. ನಿಜದ ಮಾಂಡಾನನ್ನು ಗಯಾನಾದ ಸೆರೆಮನೆಗೆ ಸಾಗಿಸಿದರು. ಬೆಕೆರ್ ತಮ್ಮ ಚಿತ್ರದಲ್ಲಿ ಅವನನ್ನು ತಲೆ ಕಡಿಯುವ ಗಿಲೊಟಿನ್‌ಗೆ ಕಳಿಸಿದರು. ಸಿನ್ಯೊರೆ ಮೇರಿಯ ಪಾತ್ರವನ್ನು ಬಿಟ್ಟೇಬಿಡುತ್ತಿದ್ದರು. 1949ರ ಆಗಸ್ಟ್‌ನಲ್ಲಿ ಸೇಂ-ಪೋಲ್-ದ-ವಾಂಸ್‌ನಲ್ಲಿ ಗಾಯಕ ಇವ್ ಮೊಂತಾಂ ಪರಿಚಯವಾಗಿದ್ದರು, ಅವರನ್ನು ಬಿಟ್ಟು ಚಿತ್ರೀಕರಣಕ್ಕೆ ಹೋಗಲು ಮನಸ್ಸಿರಲಿಲ್ಲ. ಬರುವುದಿಲ್ಲ ಎಂದು ಬೆಕೆರ್‌ಗೆ ಫೋನ್ ಮಾಡಿದರೆ ಅವರು ಬೇಡಿಕೊಳ್ಳಲಿಲ್ಲ, ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂಬಂತೆ ಸಮಾಧಾನವಾಗಿ ಮಾತಾಡಿದರು. ಮರುದಿನವೇ ಸಿನ್ಯೊರೆ ರೈಲು ಹತ್ತಿದರು. ಮೊಂತಾಂ ಜೊತೆ ಮದುವೆಯಾದದ್ದು 1951ರ ಡಿಸೆಂಬರ್ 22ರಂದು.

ಆರಂಭದಲ್ಲೇ ನದಿ ದಂಡೆಯ ಹೋಟೆಲಿನಲ್ಲಿ ಕುಣಿತದ ದೃಶ್ಯವಿದೆ. ಮೇರಿ ತನ್ನ ಸದ್ಯದ ಗಂಡಸು ರೊಲಾಂ ಜೊತೆ ವಾಲ್ಟ್ಸ್ ಕುಣಿಯುತ್ತಿದ್ದಾಳೆ. ಬಡಗಿ ಮಾಂಡಾ (ಸೆರ್ಜ್ ರೆಜ್ಜಾನಿ) ಪಕ್ಕದಲ್ಲಿದ್ದಾನೆ. ವಾಲ್ಟ್ಸ್‌ನಲ್ಲಿ ಜೋಡಿ ಸುತ್ತುತ್ತಲೇ ಇರಬೇಕು, ಅಂದರೆ ಅವಳ ಮುಖ ಅವನ ಕಡೆ ಬರುವುದು ಸುತ್ತಿಗೊಮ್ಮೆ ಮಾತ್ರ. ಸಿನ್ಯೊರೆ ಆ ಲೆಕ್ಕವನ್ನೇ ನಟನೆ ಮಾಡಿಕೊಂಡಿದ್ದಾರೆ. ದೇಹ ರೊಲಾಂ ಜೊತೆ ತಾಳ ತಪ್ಪದೆ ತಿರುಗುತ್ತದೆ, ಪ್ರತಿ ಸುತ್ತಿಗೂ ಕಣ್ಣು ಮಾತ್ರ ಬಿಟ್ಟ ಜಾಗಕ್ಕೇ ಬಂದು ನಿಲ್ಲುತ್ತದೆ. ನಗು ಇಲ್ಲ, ಹುಬ್ಬು ಏರಿಸುವುದಿಲ್ಲ, ನಾಚಿಕೆ ಮೊದಲೇ ಇಲ್ಲ. ಮೂರ್ನಾಲ್ಕು ಸುತ್ತು ಮುಗಿಯುವಷ್ಟರಲ್ಲಿ ಕಥೆಯ ಅರ್ಧ ತೀರ್ಮಾನವಾಗಿರುತ್ತದೆ, ಮಾತು ಒಂದೂ ಆಗಿಲ್ಲ. ಇನ್ನು ಕೊನೆಯ ದೃಶ್ಯ: ಮಾಂಡಾನ ತಲೆ ತೆಗೆಯುವ ಬೆಳಗಿನ ಜಾವ, ಸೆರೆಮನೆಯ ಎದುರಿನ ಹೋಟೆಲಿನ ಮೇಲಿನ ಕೋಣೆ ಬಾಡಿಗೆಗೆ ಹಿಡಿದು ಮೇರಿ ಕಿಟಕಿಯಿಂದ ನೋಡುತ್ತಾಳೆ. ಅಳು ಇಲ್ಲ. ಕತ್ತಿ ಬೀಳುವಾಗ ಅವಳ ತಲೆ ಬಾಗುತ್ತದೆ. ಬೇರೊಬ್ಬ ನಟಿಯಾಗಿದ್ದರೆ ಇಲ್ಲಿ ಒಂದು ಕೂಗು ಇಟ್ಟಿರುತ್ತಿದ್ದರು, ಆ ಕೂಗು ಚಿತ್ರವನ್ನು ಕೆಡಿಸುತ್ತಿತ್ತು.

ಫ್ರಾನ್ಸ್‌ನಲ್ಲಿ ಚಿತ್ರ ಸೋತಿತು, ವಿಮರ್ಶಕರೂ ಕೈಹಿಡಿಯಲಿಲ್ಲ. ಗೆದ್ದದ್ದು ಬ್ರಿಟನ್ನಿನಲ್ಲಿ, ಅಲ್ಲಿನ ಚಲನಚಿತ್ರ ಅಕಾಡೆಮಿ ಬಾಫ್ಟಾದ ಅತ್ಯುತ್ತಮ ವಿದೇಶಿ ನಟಿ ಪ್ರಶಸ್ತಿಯೂ ಬಂತು. ಅಟ್ಲಾಂಟಿಕ್‌ನ ಆಚೆ ಒಬ್ಬ ಕಪ್ಪು ಪಿಯಾನೊ ವಾದಕಿ 1954ರಲ್ಲಿ ಬಾರ್‌ನಲ್ಲಿ ಹಾಡಲು ತನಗೊಂದು ವೇದಿಕೆಯ ಹೆಸರು ಹುಡುಕುತ್ತಿದ್ದಾಗ ಸಿನ್ಯೊರೆಯ ಹೆಸರಿನ ಅರ್ಧ ತೆಗೆದುಕೊಂಡು ನೀನಾ ಸಿಮೋನ್ ಆದರು.

‘ಲೆ ದ್ಯಾಬೊಲಿಕ್’ (1955) ಎಲ್ಲರೂ ನೋಡಿರುವ ಚಿತ್ರ. ಆಂರಿ-ಜೋರ್ಜ್ ಕ್ಲೂಜೋ ನಿರ್ದೇಶನ. ಶಾಲೆಯ ಕ್ರೂರ ಮುಖ್ಯೋಪಾಧ್ಯಾಯನನ್ನು ಅವನ ಹೆಂಡತಿ ಮತ್ತು ಪ್ರೇಯಸಿ ಸೇರಿ ಮುಗಿಸುವ ಕಥೆ. ಮುಂದಿನದನ್ನು ಹೇಳಬೇಡಿ ಎಂದು ಚಿತ್ರವೇ ಕೊನೆಯಲ್ಲಿ ಕೇಳಿಕೊಳ್ಳುತ್ತದೆ, ಆ ಮಾತಿಗೆ ಕಟ್ಟುಬಿದ್ದಿದ್ದೇನೆ. ಶಿಕ್ಷಕಿ ನಿಕೋಲ್ ಆಗಿ ಸಿನ್ಯೊರೆ ಕಪ್ಪು ಕನ್ನಡಕ ಹಾಕಿಕೊಂಡು ಬರುತ್ತಾರೆ. ಕನ್ನಡಕದ ಹಿಂದೆ ಏಟು ಬಿದ್ದು ಕಪ್ಪುಗಟ್ಟಿದ ಕಣ್ಣು. ಕೊಲೆಯ ದೃಶ್ಯದಲ್ಲಿ ಅವರ ಕೈಗಳನ್ನು ಗಮನಿಸಿ. ಬಚ್ಚಲ ತೊಟ್ಟಿಯಲ್ಲಿ ಮುಳುಗಿಸಿದ ದೇಹ ಮೇಲೇಳದಂತೆ ಭಾರದ ಕಂಚಿನ ಬೊಂಬೆ ತಂದು ಇಡುವಾಗ, ಪಾತ್ರೆ ತೊಳೆದಿಡುವಷ್ಟೇ ಸಹಜ. ಕ್ಲೂಜೋ ಒಂದೊಂದು ಶಾಟ್‌ಗೂ ದಿನಗಟ್ಟಲೆ ಹಿಡಿಯುವವರು. ಎಂಟು ವಾರಕ್ಕೆ ಒಪ್ಪಂದವಾಗಿದ್ದ ಕೆಲಸ ಹದಿನಾರು ವಾರಕ್ಕೆ ಎಳೆಯಿತು, ಸಿನ್ಯೊರೆ ಕೈಗೆ ಬಂದದ್ದು ಎಂಟು ವಾರದ ಸಂಭಾವನೆ. ಒಪ್ಪಂದದಲ್ಲಿ ಹೆಚ್ಚುವರಿ ದಿನಗಳ ಮಾತು ಇಲ್ಲದಿದ್ದರೆ ಆಗುವುದು ಹೀಗೆಯೇ. ಅದೇ ಕಾಲಕ್ಕೆ ಪ್ಯಾರಿಸ್ ರಂಗಭೂಮಿಯಲ್ಲಿ ಆರ್ಥರ್ ಮಿಲ್ಲರ್ ಅವರ ‘ದ ಕ್ರೂಸಿಬಲ್’ ನಾಟಕದ ಫ್ರೆಂಚ್ ರೂಪವನ್ನು ಮೊಂತಾಂ ಜೊತೆ ಆಡುತ್ತಿದ್ದರು. ಅದರ ಸಿನಿಮಾ ರೂಪ 1957ರಲ್ಲಿ ಬಂತು, ಎರಡನೇ ಬಾಫ್ಟಾ ತಂದುಕೊಟ್ಟಿತು.

ಇನ್ನು ‘ರೂಮ್ ಅಟ್ ದ ಟಾಪ್’ (1959). ಜ್ಯಾಕ್ ಕ್ಲೇಟನ್ ಅವರ ಮೊದಲ ಪೂರ್ಣ ಪ್ರಮಾಣದ ಚಿತ್ರ. ಸಿನ್ಯೊರೆ ಮಾಡಿದ ಆಲಿಸ್ ಏಸ್ಗಿಲ್ ಮೂಲ ಕಾದಂಬರಿಯಲ್ಲಿ ಇಂಗ್ಲಿಷ್ ಹೆಂಗಸು. ಚಿತ್ರಕ್ಕಾಗಿ ಅವಳನ್ನು ಫ್ರೆಂಚ್ ಮಾಡಿದರು. ಇದರಿಂದ ಆದ ಲಾಭ ಸಣ್ಣದಲ್ಲ. ಉತ್ತರ ಇಂಗ್ಲೆಂಡಿನ ಕಾರ್ಖಾನೆ ಊರಿನಲ್ಲಿ ಪ್ರತಿಯೊಬ್ಬರ ವರ್ಗವನ್ನೂ ಅವರ ಉಚ್ಚಾರಣೆಯೇ ಹೇಳಿಬಿಡುತ್ತದೆ. ಆಲಿಸ್‌ಳ ಫ್ರೆಂಚ್ ಉಚ್ಚಾರಣೆ ಆ ಏಣಿಯ ಯಾವ ಮೆಟ್ಟಿಲಿಗೂ ಸೇರದು. ಮೇಲೇರಲು ಹೊರಟ ತರುಣ ಜೋ (ಲಾರೆನ್ಸ್ ಹಾರ್ವೆ) ಅವಳ ಎದುರು ಮಾತ್ರ ನಾಟಕ ಬಿಟ್ಟು ಮಾತಾಡಲು ಸಾಧ್ಯವಾಗುವುದು ಅದಕ್ಕೇ. ಚಿಕ್ಕಂದಿನ ಇಂಗ್ಲಿಷ್ ಇಲ್ಲಿ ಕೆಲಸಕ್ಕೆ ಬಂತು. ಸ್ವಂತ ದನಿ, ಸಿಗರೇಟು ಸೇದಿ ಒರಟಾದ ತಗ್ಗಿನ ದನಿ, ಸ್ವಂತ ಲಯ. ಜೋ ತನ್ನನ್ನು ಬಿಟ್ಟು ಶ್ರೀಮಂತನ ಮಗಳನ್ನು ಮದುವೆಯಾಗುತ್ತಾನೆ ಎಂದು ತಿಳಿಯುವ ದೃಶ್ಯದಲ್ಲಿ ಆ ದನಿ ಏರುವುದಿಲ್ಲ, ಇನ್ನೂ ಕೆಳಗಿಳಿಯುತ್ತದೆ. ಆಲಿಸ್‌ಳ ಸಾವನ್ನು ಕ್ಲೇಟನ್ ತೋರಿಸುವುದೇ ಇಲ್ಲ. ಕಚೇರಿಯಲ್ಲಿ ಸಹೋದ್ಯೋಗಿಗಳು ಕಾರಿನ ಅಪಘಾತದ ಬಗ್ಗೆ ಮಾತಾಡಿಕೊಳ್ಳುವುದು ಜೋನ ಕಿವಿಗೆ ಬೀಳುತ್ತದೆ. ಆದರೂ ಆ ಮಾತು ಕೇಳುವಾಗ ನಮಗೆ ಕಾಣುವುದು ಸಿನ್ಯೊರೆಯ ಮುಖವೇ. ಅಷ್ಟು ಆಳಕ್ಕೆ ಅದನ್ನು ಅವರು ಊರಿರುತ್ತಾರೆ.

ಕಾನ್ ಚಿತ್ರೋತ್ಸವದ ಪ್ರಶಸ್ತಿ, ಮೂರನೇ ಬಾಫ್ಟಾ, ಆಮೇಲೆ 1960ರ ಏಪ್ರಿಲ್ 4ರಂದು ಆಸ್ಕರ್. ಸ್ಪರ್ಧೆಯಲ್ಲಿದ್ದವರು ಡೋರಿಸ್ ಡೇ, ಆಡ್ರೆ ಹೆಪ್‌ಬರ್ನ್, ಕ್ಯಾಥರೀನ್ ಹೆಪ್‌ಬರ್ನ್, ಎಲಿಜಬೆತ್ ಟೇಲರ್. ಹಾಲಿವುಡ್ ಮನೆಮಕ್ಕಳನ್ನು ಬಿಟ್ಟು ಈ ಹೊರಗಿನವರನ್ನು ಆರಿಸಿತು. ಕೆಲವು ತಿಂಗಳ ಹಿಂದಿನವರೆಗೆ ಅಮೆರಿಕ ಅವರಿಗೆ ವೀಸಾ ಕೂಡ ಕೊಡುತ್ತಿರಲಿಲ್ಲ ಎನ್ನುವುದನ್ನು ಇದರ ಜೊತೆ ಓದಿಕೊಳ್ಳಬೇಕು. ಅಣುಬಾಂಬಿನ ವಿರುದ್ಧದ 1950ರ ಸ್ಟಾಕ್‌ಹೋಮ್ ಮನವಿಗೆ ಸಹಿ ಹಾಕಿದವರು, ಎಡಪಂಥೀಯರ ಜೊತೆಗಾರರು ಎಂಬುದು ಕಾರಣ. 1959ರಲ್ಲಿ ಮೊಂತಾಂ ನ್ಯೂಯಾರ್ಕಿನಲ್ಲಿ ಹಾಡಲು ಹೋದಾಗ ಬಾಗಿಲು ತೆರೆಯಿತು. ಮುಂದೆ ಮೊಂತಾಂ-ಮರ್ಲಿನ್ ಮನ್ರೋ ಪ್ರೇಮ ಪ್ರಕರಣ ಬಂತು, ಜಗತ್ತಿನ ಪತ್ರಿಕೆಗಳು ಅದನ್ನೇ ಬರೆದವು. ಈಗಲೂ ಸಿನ್ಯೊರೆ ಬಗ್ಗೆ ಹುಡುಕಿದರೆ ಮೊದಲು ಸಿಗುವುದು ಅದೇ. ಅವರ ನಟನೆಯನ್ನು ತಿಳಿಯಲು ಅದರಿಂದ ಯಾವ ಪ್ರಯೋಜನವೂ ಇಲ್ಲ.

ರಾಜಕೀಯ ಮಾತ್ರ ಬಿಡುವಂತಿಲ್ಲ, ಯಾಕೆಂದರೆ ಅದು ಪಾತ್ರಗಳೊಳಕ್ಕೆ ಬಂದಿದೆ. 1956ರ ನವೆಂಬರಿನಲ್ಲಿ ಸೋವಿಯತ್ ಟ್ಯಾಂಕುಗಳು ಹಂಗೇರಿಗೆ ನುಗ್ಗಿದವು. ಮೊಂತಾಂಗೆ ಮಾಸ್ಕೊ ಪ್ರವಾಸ ಮೊದಲೇ ನಿಗದಿಯಾಗಿತ್ತು. ಹೋದರೂ ತಪ್ಪು, ಬಿಟ್ಟರೂ ತಪ್ಪು. ದಂಪತಿ ಹೋದರು, ಸೋವಿಯತ್ ನಾಯಕ ಕ್ರುಶ್ಚೇವ್ ಮತ್ತು ಅವರ ಸಂಗಡಿಗರ ಜೊತೆ ಊಟಕ್ಕೆ ಕೂತಾಗ ಹಂಗೇರಿಯ ಬಗ್ಗೆ ನೇರವಾಗಿಯೇ ಕೇಳಿದರು. ಅಲ್ಲಿಂದ ನಂಬಿಕೆ ಸಡಿಲವಾಗುತ್ತ ಬಂತು. 1960ರಲ್ಲಿ ಅಲ್ಜೀರಿಯಾ ಯುದ್ಧಕ್ಕೆ ಹೋಗಲು ಒಪ್ಪದ ಸೈನಿಕರ ಪರವಾದ ‘121ರ ಪ್ರಣಾಳಿಕೆ’ಗೆ ಸಿನ್ಯೊರೆ ಸಹಿ ಹಾಕಿದರು. ಸಹಿ ಹಾಕಿದ ಕಲಾವಿದರಿಗೆ ಸರ್ಕಾರಿ ರೇಡಿಯೊ, ಟೀವಿ ಬಾಗಿಲು ಮುಚ್ಚಿತು. 1982ರಲ್ಲಿ, ಪೋಲೆಂಡಿನಲ್ಲಿ ಸೈನಿಕ ಆಡಳಿತವಿದ್ದಾಗ, ಔಷಧಿ ಮತ್ತಿತರ ನೆರವು ಹೊತ್ತ ವಾಹನದಲ್ಲಿ ಚಿಂತಕ ಮಿಶೆಲ್ ಫುಕೋ ಮುಂತಾದವರ ಜೊತೆ ವಾರ್ಸಾಗೆ ಹೋದರು. ಆಗ ಅವರ ಆರೋಗ್ಯ ಚೆನ್ನಾಗಿರಲಿಲ್ಲ.

ಕೋಸ್ತಾ-ಗಾವ್ರಾಸ್ ಅವರ ‘ಲಾವೂ’ (1970) ಈ ಹಾದಿಯ ಮಧ್ಯದಲ್ಲಿ ನಿಲ್ಲುವ ಚಿತ್ರ. 1952ರಲ್ಲಿ ಪ್ರಾಗ್‌ನಲ್ಲಿ ಕಮ್ಯುನಿಸ್ಟ್ ಸರ್ಕಾರ ತನ್ನದೇ ನಾಯಕರ ಮೇಲೆ ನಡೆಸಿದ ಸ್ಲಾನ್‌ಸ್ಕಿ ವಿಚಾರಣೆಯ ಕಥೆ. ಚಿತ್ರಹಿಂಸೆಯಿಂದ ಸುಳ್ಳು ತಪ್ಪೊಪ್ಪಿಗೆ ಕೊಡುವ ಆರ್ಥರ್ ಲಂಡನ್ ಪಾತ್ರ ಮೊಂತಾಂ ಅವರದು, ಹೆಂಡತಿ ಲೀಸ್ ಸಿನ್ಯೊರೆ. ಗಂಡನ ತಪ್ಪೊಪ್ಪಿಗೆ ರೇಡಿಯೊದಲ್ಲಿ ಬರುತ್ತದೆ. ಲೀಸ್ ಅದನ್ನು ನಂಬುತ್ತಾಳೆ. ಪಕ್ಷ ಸುಳ್ಳು ಹೇಳುವುದಿಲ್ಲ, ಆದ್ದರಿಂದ ಗಂಡನೇ ದ್ರೋಹಿ ಎಂಬ ಲೆಕ್ಕ. ಗಂಡನನ್ನು ತಿರಸ್ಕರಿಸಿ ಪತ್ರ ಬರೆಯುತ್ತಾಳೆ. ಕೆಟ್ಟವಳೆಂದು ತೋರಿಸದೆ, ಮರುಳೆಂದು ತೋರಿಸದೆ ಇದನ್ನು ಮಾಡುವುದು ಬಹಳ ಕಷ್ಟ. ಆ ನಂಬಿಕೆಯ ಒಳಗೆ ತಾವೂ ಇದ್ದವರು ಆದ್ದರಿಂದ ಸಿನ್ಯೊರೆಗೆ ಅದು ಸಾಧ್ಯವಾಯಿತು.

ಎಲ್ಲವೂ ಗೆದ್ದಿತು ಎಂದೇನಿಲ್ಲ. 1966ರಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಅಲೆಕ್ ಗಿನ್ನೆಸ್ ಎದುರು ಲೇಡಿ ಮ್ಯಾಕ್‌ಬೆತ್ ಆಡಿದರು. ವಿಮರ್ಶಕರು ಹರಿದು ಹಾಕಿದರು. ಸಿನಿಮಾದ ಇಂಗ್ಲಿಷ್ ಗದ್ಯ. ಅಲ್ಲಿ ತಡೆದು, ನಿಲ್ಲಿಸಿ, ಉಸಿರು ತೆಗೆದುಕೊಂಡು ಹೇಳಿದರೂ ನಡೆಯುತ್ತದೆ, ಮೈಕು ಪಿಸುಮಾತನ್ನೂ ಹಿಡಿಯುತ್ತದೆ. ಶೇಕ್ಸ್‌ಪಿಯರ್ ಸಾಲಿಗೆ ಐದು ಒತ್ತು ಇರುತ್ತವೆ, ಒತ್ತು ತಪ್ಪಿದರೆ ಅರ್ಥವೇ ಕಿವಿಗೆ ತಲುಪುವುದಿಲ್ಲ. ಫ್ರೆಂಚ್‌ನಲ್ಲಿ ಒತ್ತು ಪದಗುಚ್ಛದ ಕೊನೆಗೆ ಬೀಳುತ್ತದೆ. ಆ ಅಭ್ಯಾಸದ ನಾಲಗೆ ಇಂಗ್ಲಿಷ್ ಪದ್ಯವನ್ನು ಹೇಳುವಾಗ ಸಾಲುಗಳು ಬಾಲದ ಕಡೆಗೆ ವಾಲುತ್ತವೆ. ಜೊತೆಗೆ ಅವರ ಬಲವೆಲ್ಲ ಕಣ್ಣಿನಲ್ಲಿತ್ತು. ನಾಟಕಮಂದಿರದ ಹಿಂದಿನ ಸಾಲಿಗೆ ಕಣ್ಣು ಕಾಣುವುದಿಲ್ಲ. ಸ್ಟ್ಯಾನ್ಲಿ ಕ್ರೇಮರ್ ಅವರ ‘ಶಿಪ್ ಆಫ್ ಫೂಲ್ಸ್’ನಲ್ಲಿ (1965) ಇದೇ ಇಂಗ್ಲಿಷ್ ಅವರಿಗೆ ಎರಡನೇ ಆಸ್ಕರ್ ನಾಮನಿರ್ದೇಶನ ತಂದಿತ್ತು ಎಂಬುದನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ಎಲ್ಲಿದೆ ಎಂದು ತಿಳಿಯುತ್ತದೆ.

ಈಗ ಮತಿಲ್ದ್. ಜೋಸೆಫ್ ಕೆಸೆಲ್ 1943ರಲ್ಲೇ ಪ್ರಕಟಿಸಿದ ಕಾದಂಬರಿಯನ್ನು ಆಧರಿಸಿ, ಸ್ವತಃ ಭೂಗತ ಹೋರಾಟದಲ್ಲಿದ್ದ ಮೆಲ್ವಿಲ್ ತೆಗೆದ ಚಿತ್ರ ‘ಆರ್ಮಿ ಆಫ್ ಶ್ಯಾಡೋಸ್’. ಲಿಯೋಂನ ಗೆಸ್ಟಾಪೊ ಕಟ್ಟಡದಲ್ಲಿ ಸೆರೆಯಾಗಿರುವ ಫೆಲಿಕ್ಸ್‌ನನ್ನು ಬಿಡಿಸಲು ಮತಿಲ್ದ್ ಜರ್ಮನ್ ನರ್ಸ್ ವೇಷದಲ್ಲಿ, ಇಬ್ಬರು ಸಂಗಾತಿಗಳ ಜೊತೆ, ಆಂಬುಲೆನ್ಸ್‌ನಲ್ಲಿ ಬರುತ್ತಾಳೆ. ಕಾಗದ ಪತ್ರ ಸರಿಯಾಗಿವೆ, ಗೇಟು ದಾಟುತ್ತಾರೆ. ಒಳಗೆ ವೈದ್ಯ ಕೈದಿಯನ್ನು ಪರೀಕ್ಷಿಸಿ ಬರುತ್ತಾನೆ. ಸಾಯುವ ಸ್ಥಿತಿಯಲ್ಲಿದ್ದಾನೆ, ಸಾಗಿಸುವಂತಿಲ್ಲ ಎನ್ನುತ್ತಾನೆ. ಇಷ್ಟು ಸಿದ್ಧತೆಯ ಯೋಜನೆ ಆ ಒಂದು ಮಾತಿಗೆ ಮುರಿದುಬಿತ್ತು. ಆ ಕ್ಷಣ ಸಿನ್ಯೊರೆಯ ಮುಖ ನೋಡಬೇಕು. ನರ್ಸ್‌ಗೆ ಇಂಥ ಸುದ್ದಿ ದಿನದ ಕೆಲಸದ ಭಾಗ. ಹಾಗಾಗಿ ಮುಖದಲ್ಲಿ ಏನೂ ಕಾಣಬಾರದು. ಮತಿಲ್ದ್‌ಗೆ ಅದು ಸಂಗಾತಿಯ ಮರಣವಾರ್ತೆ. ಎರಡೂ ಒಂದೇ ಮುಖದಲ್ಲಿ ಇರಬೇಕು, ಎರಡನೆಯದು ನಮಗೆ ಮಾತ್ರ ಕಾಣಬೇಕು. ಉತ್ತರ ಕೊಡುವ ಮೊದಲು ಅರೆಗಳಿಗೆ ತಡವಾಗುತ್ತದೆ. ಅಷ್ಟರಲ್ಲೇ ಎಲ್ಲ ಇದೆ. ಇದೇ ಲಿಯೋಂ ನಗರದಲ್ಲಿ ಗಂಡನನ್ನು ಬಿಡಿಸಿ ಗೆದ್ದ ಲೂಸಿ ಒಬ್ರಾಕ್ ಅವರ ವಿದ್ಯಾರ್ಥಿನಿ, 26 ವರ್ಷಗಳ ನಂತರ ಅಲ್ಲೇ ಸೋಲುವ ಹೆಣ್ಣಿನ ಪಾತ್ರದಲ್ಲಿ ನಿಂತಿದ್ದಾರೆ.

ಮತಿಲ್ದ್‌ಳ ಒಂದೇ ತಪ್ಪೆಂದರೆ ಪರ್ಸಿನಲ್ಲಿ ಮಗಳ ಫೋಟೊ ಇಟ್ಟುಕೊಂಡದ್ದು. ಇಟ್ಟುಕೊಳ್ಳಬೇಡ ಎಂದು ಸಂಗಾತಿಗಳು ಮೊದಲೇ ಹೇಳಿರುತ್ತಾರೆ. ಅವಳು ಸಿಕ್ಕಿಬಿದ್ದಾಗ ಜರ್ಮನರು ಆ ಫೋಟೊವನ್ನೇ ಹಿಡಿದು ಬೆದರಿಸುತ್ತಾರೆ. ಬಿಡುಗಡೆಯಾಗಿ ಬಂದವಳನ್ನು ಬೀದಿಯಲ್ಲಿ, ಕಾರಿನಿಂದ, ಅವಳದೇ ಸಂಗಾತಿಗಳು ಗುಂಡಿಕ್ಕುತ್ತಾರೆ. ಕಾರು ಹತ್ತಿರ ಬಂದಾಗ ಅವಳು ಅವರನ್ನು ಗುರುತಿಸುತ್ತಾಳೆ. ಆ ನೋಟದಲ್ಲಿ ಬೆಚ್ಚುವಿಕೆ ಇದೆಯೋ, ಒಪ್ಪಿಗೆ ಇದೆಯೋ, ಎರಡೂ ಇವೆಯೋ. ನೋಡುವವರು ಪ್ರತಿ ಸಲ ಬೇರೆ ಉತ್ತರಕ್ಕೆ ಬರುತ್ತಾರೆ. ನನಗೆ ಕಾಣುವುದು ಒಪ್ಪಿಗೆ.

ಎರಡು ವರ್ಷದ ನಂತರ ‘ಲ ಶಾ’ (1971), ಅಂದರೆ ಬೆಕ್ಕು. ಪಿಯೆರ್ ಗ್ರಾನಿಯೆ-ದೆಫೆರ್ ನಿರ್ದೇಶನ. ಪ್ಯಾರಿಸ್ ಅಂಚಿನ ಕೂರ್ಬುವಾದಲ್ಲಿ ಸುತ್ತಲ ಮನೆಗಳನ್ನೆಲ್ಲ ಕೆಡವುತ್ತಿದ್ದಾರೆ. ಉಳಿದ ಒಂದು ಮನೆಯಲ್ಲಿ ಮುದ್ರಣಾಲಯದಿಂದ ನಿವೃತ್ತನಾದ ಜೂಲಿಯೆಂ (ಜ್ಯಾಂ ಗಾಬೆಂ), ಸರ್ಕಸ್ಸಿನಲ್ಲಿ ಬಿದ್ದು ಕಾಲು ಕುಂಟಾದ ಹೆಂಡತಿ ಕ್ಲೆಮಾಂಸ್. ಮಾತು ನಿಂತುಹೋಗಿದೆ, ಚೀಟಿ ಬರೆದು ಎಸೆಯುತ್ತಾರೆ. ಅವನ ಪ್ರೀತಿಯೆಲ್ಲ ಬೆಕ್ಕಿನ ಮೇಲೆ. ಗಾಬೆಂಗೆ 66, ಸಿನ್ಯೊರೆಗೆ 50. ಹದಿನಾರು ವರ್ಷದ ಈ ಅಂತರ ತೆರೆಯ ಮೇಲೆ ಕಾಣುವುದಿಲ್ಲ, ಯಾಕೆಂದರೆ ಸಿನ್ಯೊರೆ ಅದನ್ನು ತಮ್ಮ ಮೇಲೆ ಹಾಕಿಕೊಂಡಿದ್ದಾರೆ. ಬರ್ಲಿನ್ ಚಿತ್ರೋತ್ಸವದಲ್ಲಿ ಇಬ್ಬರಿಗೂ ಬೆಳ್ಳಿ ಕರಡಿ ಬಂತು.

ಮದಾಂ ರೋಜಾ ಪಾತ್ರಕ್ಕೆ 1978ರಲ್ಲಿ ಫ್ರಾನ್ಸಿನ ಸೆಜಾರ್ ಚಿತ್ರ ಪ್ರಶಸ್ತಿ ಬಂತು, ಚಿತ್ರಕ್ಕೆ ವಿದೇಶಿ ಭಾಷಾ ಚಿತ್ರದ ಆಸ್ಕರ್. ಆಶ್ವಿಟ್ಜ್‌ನಿಂದ ಬದುಕಿ ಬಂದ ಯೆಹೂದಿ ಮುದುಕಿ, ಬೆಲ್‌ವಿಲ್‌ನಲ್ಲಿ ಲಿಫ್ಟ್ ಇಲ್ಲದ ಕಟ್ಟಡದ ಆರನೇ ಮಹಡಿ, ಅವಳು ಸಾಕುತ್ತಿರುವ ಅರಬ್ ಹುಡುಗ ಮೋಮೊ. ಅವಳು ಮೆಟ್ಟಿಲು ಹತ್ತುವ ದೃಶ್ಯಗಳಲ್ಲಿ ಉಸಿರಿನ ಸದ್ದನ್ನು ಕೇಳಿಸಿಕೊಳ್ಳಿ. ಕಾರ್ಡು ಸಿಗದಂತೆ ಮಾಡಿದ ತಂದೆಯ ವಂಶಕ್ಕೆ ಈ ನಟಿ ತೆರೆಯ ಮೇಲೆ ಮರಳಿದ್ದು ಆ ಉಸಿರಿನಲ್ಲಿ. ಮುಂದೆ ಬರವಣಿಗೆಯಲ್ಲೂ ಮರಳಿದರು. 1976ರ ಆತ್ಮಕಥೆ ಆಗಲೇ ಬಹಳ ಮಾರಾಟವಾಗಿತ್ತು. 1985ರಲ್ಲಿ ಬಂದ ‘ಆದ್ಯೂ ವೊಲೊದ್ಯಾ’ ಪೋಲೆಂಡ್, ಉಕ್ರೇನ್‌ಗಳಿಂದ ಪ್ಯಾರಿಸ್‌ಗೆ ವಲಸೆ ಬಂದ ಯೆಹೂದಿ ಕುಟುಂಬಗಳ ದೊಡ್ಡ ಕಾದಂಬರಿ. ಆ ಹೊತ್ತಿಗೆ ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಅದೇ ವರ್ಷ ಸೆಪ್ಟೆಂಬರ್ 30ರಂದು ನಾರ್ಮಂಡಿಯ ಓತುಯ್ ಹಳ್ಳಿಯ ತಮ್ಮ ಮನೆಯಲ್ಲಿ, ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಿಂದ ತೀರಿಕೊಂಡರು. 64 ವರ್ಷ. ಪ್ಯಾರಿಸ್‌ನ ಪೆರ್ ಲಾಶೆಸ್‌ನಲ್ಲಿ ಸಮಾಧಿ. 1991ರಲ್ಲಿ ಮೊಂತಾಂರನ್ನೂ ಅಲ್ಲೇ ಪಕ್ಕದಲ್ಲಿ ಹೂಳಿದರು.

ನೋಡಲು ಹೊರಡುವವರಿಗೆ ಕೆಲವು ಮಾತು. ‘ಲೆ ದ್ಯಾಬೊಲಿಕ್’ನಿಂದ ಶುರು ಮಾಡಬೇಡಿ. ಅಲ್ಲಿ ಕಥೆಯ ತಿರುವಿನ ಮೇಲೆ ಗಮನ ಹೋಗುತ್ತದೆ, ನಟನೆ ಜಾರಿಹೋಗುತ್ತದೆ. ತಿರುವು ತಿಳಿದ ಮೇಲೆ ಇನ್ನೊಮ್ಮೆ ನೋಡಿದಾಗಲೇ ಸಿನ್ಯೊರೆ ಎರಡು ಪದರಗಳಲ್ಲಿ ನಟಿಸಿದ್ದು ಗೊತ್ತಾಗುವುದು. ಮೊದಲು ‘ಕಾಸ್ಕ್ ದೋರ್’, ಒಂದೂವರೆ ಗಂಟೆಯ ಚಿತ್ರ. ಆಮೇಲೆ ‘ರೂಮ್ ಅಟ್ ದ ಟಾಪ್’. ಇಂಗ್ಲಿಷ್‌ನಲ್ಲೇ ಇರುವುದರಿಂದ ಸಬ್‌ಟೈಟಲ್ ಓದುವ ಕೆಲಸವಿಲ್ಲ, ಕಣ್ಣು ಪೂರ್ತಿ ಮುಖದ ಮೇಲಿಡಬಹುದು. ನಂತರ ‘ಆರ್ಮಿ ಆಫ್ ಶ್ಯಾಡೋಸ್’, ಸುಮಾರು 145 ನಿಮಿಷ, ಒಂದೇ ಕೂತಿಗೆ. ಅಮೆರಿಕದಲ್ಲಿ ಇದು ಚಿತ್ರಮಂದಿರಕ್ಕೆ ಬಂದದ್ದೇ 2006ರಲ್ಲಿ, ಹಾಗಾಗಿ ಇಂಗ್ಲಿಷ್‌ನ ಹಳೆಯ ಪುಸ್ತಕಗಳಲ್ಲಿ ಇದರ ಹೆಸರು ಹುಡುಕಿ ಸಿಗದಿದ್ದರೆ ಅಚ್ಚರಿ ಬೇಡ. ‘ಲ ಶಾ’ ಮತ್ತು ಮದಾಂ ರೋಜಾ ಕೊನೆಗೆ.

ಇಂಗ್ಲಿಷ್‌ಗೆ ಡಬ್ ಮಾಡಿದ ಪ್ರತಿ ಸಿಕ್ಕರೆ ಬಿಟ್ಟುಬಿಡಿ. ಆ ತಗ್ಗಿನ ದನಿ ಹೋದರೆ ಅರ್ಧ ಪಾತ್ರ ಹೋದಂತೆ. ಐವತ್ತರ ದಶಕದ ಆರಂಭದ ಚಿತ್ರಗಳು ಚೌಕಕ್ಕೆ ಹತ್ತಿರವಾದ ಚೌಕಟ್ಟಿನವು. ಅಗಲ ಟೀವಿಯಲ್ಲಿ ತೆರೆ ತುಂಬಿಸುವ ಸೆಟ್ಟಿಂಗ್ ಇದ್ದರೆ ಮುಖ ಹಿಗ್ಗುತ್ತದೆ, ಇಲ್ಲವೇ ಹಣೆ-ಗಲ್ಲ ಕತ್ತರಿಸಿಹೋಗುತ್ತವೆ. ಎರಡೂ ಬದಿಗೆ ಕಪ್ಪು ಪಟ್ಟಿ ಬರುವ ಹಾಗೆ 4:3ಕ್ಕೆ ಇಟ್ಟುಕೊಳ್ಳಿ. ಕ್ರೈಟೀರಿಯನ್ ಸಂಸ್ಥೆಯ ಅಮೆರಿಕದ ಬ್ಲೂ-ರೇ ತರಿಸುವ ಮೊದಲು ಪ್ಲೇಯರ್ ನೋಡಿಕೊಳ್ಳಿ. ಅವು ‘ಎ’ ವಲಯದವು, ಭಾರತ ‘ಸಿ’ ವಲಯ. ಇಲ್ಲಿ ಕೊಂಡ ಸಾಮಾನ್ಯ ಪ್ಲೇಯರ್ ಆ ತಟ್ಟೆಯನ್ನು ಓದುವುದಿಲ್ಲ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ತೊಂದರೆ ಇಲ್ಲ, ಆದರೆ ಫ್ರಾನ್ಸಿನಿಂದ ತರಿಸಿದ ತಟ್ಟೆ ಅವರ ಪ್ಲೇಯರ್‌ನಲ್ಲಿ ಓಡದೆ ಹೋಗಬಹುದು, ಫ್ರೆಂಚ್ ತಟ್ಟೆಗಳಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇರುತ್ತದೆ ಎಂಬ ಭರವಸೆಯೂ ಇಲ್ಲ. ಹಣ ಕೊಡುವ ಮೊದಲು ಹಿಂಬದಿಯ ವಿವರ ಓದಿ.